ಹನ್ನೆರಡನೇ ತಾರೀಖಿನ ಮೌನ

ಆಂಟಿವೈರಸ್ ದಿನವೂ ಬೆಳಿಗ್ಗೆ ಹತ್ತೂವರೆಗೆ ಸಾಯುತ್ತಿತ್ತು, ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಬದುಕುತ್ತಿತ್ತು.

ಅದು ತನ್ನ ದಿನಚರಿಯನ್ನು ತಾನೇ ಬರೆದುಕೊಂಡಿತ್ತು. ಆಫ್, ಆನ್, ಆಫ್, ಆನ್. ನಾಲ್ಕು ತಿಂಗಳು ಹೀಗೇ ನಡೆದಿತ್ತು, ಭಾನುವಾರ ಮಾತ್ರ ಬಿಡುವು. ಇದು ವೈರಸ್ಸಿನ ಕೆಲಸವಲ್ಲ. ವೈರಸ್ಸಿಗೆ ಭಾನುವಾರ ರಜೆ ಇರುವುದಿಲ್ಲ.

"ಶ್ ಸಾರ್, ಸ್ವಲ್ಪ ಒಳಗೆ ಬನ್ನಿ," ಎಂದೆ.

ಅವರು ಬಂದದ್ದು ಗೊತ್ತಾಗಲಿಲ್ಲ. ತಿರುಗಿದರೆ ಬೆನ್ನ ಹಿಂದೆಯೇ ನಿಂತಿದ್ದರು, ಕಿವಿಯ ಮೇಲೆ ಹೆಡ್‌ಫೋನು, ಕಾಲಿಗೆ ಬಟ್ಟೆಯ ಚಪ್ಪಲಿ. ಈ ಧ್ವನಿ ಭಂಡಾರದಲ್ಲಿ ರೆಕಾರ್ಡಿಂಗ್ ಮಾಡುವವರು ಅವರೊಬ್ಬರೇ. ಯಾರು ಬಾಯಿ ತೆರೆದರೂ 'ಶ್' ಎನ್ನುವುದರಿಂದ ಆ ಹೆಸರು ಅಂಟಿಕೊಂಡಿದೆ. ಬೇರೆ ಹೆಸರಿದ್ದರೆ ಅದು ಅವರಿಗೂ ಮರೆತಿರಬೇಕು.

ನಮ್ಮ ಭಾವ ಮೂಲೆಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದರು. ಅವರು ಇನ್‌ಸ್ಪೆಕ್ಟರು, ಅಕ್ಕನ ಗಂಡ. ಕಂಪ್ಯೂಟರಿನ ಕೇಸು ಬಂದರೆ ನನ್ನನ್ನು ಮನೆಯಿಂದ ಎಳೆದುಕೊಂಡು ಬರುವುದು ಅವರ ಹಕ್ಕು. ಕೆಟ್ಟ ಕಂಪ್ಯೂಟರುಗಳಿಂದ ಕಳೆದುಹೋದದ್ದನ್ನು ಹುಡುಕಿ ತೆಗೆಯುವುದು ನನ್ನ ಹೊಟ್ಟೆಪಾಡು. ಅದಕ್ಕೇ ಅವರ ಬಾಯಲ್ಲಿ ನಾನು ಡಾಕ್ಟರಮ್ಮ.

ಪೊಟ್ಟಣ ಸರ್‍ರೆಂದಿತು. ಶ್ ಸಾರ್ ಹುಬ್ಬು ಗಂಟಿಕ್ಕಿದರು. ಭಾವ ಬಿಸ್ಕತ್ತನ್ನು ಬಾಯಿಯಲ್ಲೇ ನೆನೆಸತೊಡಗಿದರು.

ಗಂಟಲಿನ ಆಪರೇಷನ್ ಆಗಿ ಮಾತು ಹೋಗಲಿರುವವರು ಮೊದಲೇ ಇಲ್ಲಿಗೆ ಬಂದು ಸಾವಿರದ ಆರುನೂರು ವಾಕ್ಯ ಓದಿಹೋಗುತ್ತಾರೆ. ಆಮೇಲೆ ಅವರ ಪರವಾಗಿ ಒಂದು ಪುಟ್ಟ ಯಂತ್ರ ಅವರದೇ ಧ್ವನಿಯಲ್ಲಿ ಮಾತಾಡುತ್ತದೆ. ಮಂಗಳವಾರ ಬೆಳಿಗ್ಗೆಯಿಂದ ನಲವತ್ತೊಂದು ಜನರ ಧ್ವನಿಗೂ ಬೀಗ ಬಿದ್ದಿತ್ತು. ಗುರುವಾರ ಬೆಳಿಗ್ಗೆ ಒಂಬತ್ತರೊಳಗೆ ದುಡ್ಡು ಕೊಡದಿದ್ದರೆ ಕೀಲಿ ನಾಶ ಮಾಡುತ್ತೇವೆ ಎಂಬ ಬೆದರಿಕೆ ಪರದೆಯ ಮೇಲೆ ಬಂದಿತ್ತು. ಈಗ ಬುಧವಾರ ಮಧ್ಯಾಹ್ನ ಎರಡು ಗಂಟೆ.

ನಲವತ್ತು ಜನರ ಚಿಂತೆ ನನಗಿರಲಿಲ್ಲ. ಕೆಲವರಿಗೆ ಯಂತ್ರ ಆಗಲೇ ಮನೆ ಸೇರಿದೆ, ಉಳಿದವರಿಗೆ ಇನ್ನೂ ಗಂಟಲಿದೆ, ಮತ್ತೆ ಕೂರಿಸಿ ಓದಿಸಬಹುದು. ಒಬ್ಬರಿಗೆ ಮಾತ್ರ ಎರಡೂ ಇಲ್ಲ.

ಅವರು ಹೊರಗಿನ ಕೋಣೆಯಲ್ಲಿ ಹೆಂಡತಿಯ ಪಕ್ಕ ಕೂತಿದ್ದರು. ರೈಲ್ವೆ ಸ್ಟೇಷನ್ನಿನ ಅನೌನ್ಸರು. ಇಪ್ಪತ್ತೆಂಟು ವರ್ಷ ಈ ಊರಿನ ಜನ ಅವರ ಧ್ವನಿ ಕೇಳಿ ಓಡಿದ್ದಾರೆ, ನಿಂತಿದ್ದಾರೆ, ತಡವಾಗಿ ಬಂದ ರೈಲುಗಳನ್ನು ಕ್ಷಮಿಸಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ಎಲ್ಲವನ್ನೂ ಅವರು ಹೊತ್ತುಹೊತ್ತಿಗೆ ನೇರವಾಗಿಯೇ ಓದುತ್ತಿದ್ದರಂತೆ, ಒಂದು ವಾಕ್ಯವೂ ರೆಕಾರ್ಡ್ ಆಗಿಲ್ಲ. ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ನಾಳೆ ಹತ್ತಕ್ಕೆ ಅವರ ಕೈಗೆ ಯಂತ್ರ ಸೇರಬೇಕಿತ್ತು.

ಈಗ ಅವರ ಕುತ್ತಿಗೆಗೆ ಬಿಳಿಯ ಬಟ್ಟೆ, ಮಡಿಲಲ್ಲಿ ಒಂದು ನೋಟ್‌ಬುಕ್ಕು. ಅವರು ಬರೆಯುತ್ತಾರೆ, ಹೆಂಡತಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಮೂರು ವಾರದಲ್ಲಿ ಅದೇ ಅಭ್ಯಾಸವಾಗಿಬಿಟ್ಟಿದೆ.

"ನಮ್ಮ ತಮ್ಮ ಗೇಟಿನ ಹತ್ರ ಬಿಟ್ಟುಹೋದ," ಎಂದು ಆಕೆ ಬಂದಾಗಲೇ ಹೇಳಿದ್ದರು. "ದಿನಾ ಅವನೇ ಕರ್ಕೊಂಡು ಬರೋದು. ಪಾಪ, ಊಟ ಮಾಡ್ಕೊಂಡು ಹೋಗೋ ಅಂದ್ರೆ ಕೇಳ್ಲಿಲ್ಲ."

ನಾನು ಬಾಗಿಲು ಮುಂದಕ್ಕೆಳೆದೆ. ಪೂರ್ತಿ ಮುಚ್ಚಲಿಲ್ಲ.

"ಆಂಟಿವೈರಸ್ ಯಾವತ್ತೂ ಆಫ್ ಮಾಡಿಲ್ಲ ಅಂದಿದ್ರಿ ನಿನ್ನೆ."

ಶ್ ಸಾರ್ ಬಾಗಿಲ ಮೇಲಿನ ಕೆಂಪು ದೀಪ ನೋಡಿದರು. ರೆಕಾರ್ಡಿಂಗ್ ನಡೆಯುವಾಗ ಉರಿಯುವ ದೀಪ ಅದು. ಉರಿಯುತ್ತಿದ್ದರೆ ಕಟ್ಟಡದಲ್ಲಿ ಯಾರೂ ಮೆಟ್ಟಿಲು ಹತ್ತುವ ಹಾಗಿಲ್ಲ.

"ದೀಪ ಹತ್ತೂವರೆಗೆ ಹತ್ತುತ್ತೆ, ಹನ್ನೆರಡಕ್ಕೆ ಆರುತ್ತೆ. ಅಲ್ವಾ?"

"ಫ್ಯಾನು," ಎಂದರು ಅವರು ತಗ್ಗಿದ ದನಿಯಲ್ಲಿ.

"ಯಾವ ಫ್ಯಾನು?"

"ಕಂಪ್ಯೂಟರಿಂದು. ಆಂಟಿವೈರಸ್ಸು ಹುಡುಕೋಕೆ ಶುರು ಮಾಡಿದ ತಕ್ಷಣ ಅದು ಗುರ್ ಅನ್ನುತ್ತೆ, ಮೈಕಿಗೆ ಬೀಳುತ್ತೆ. ಅವರು ಕೊನೇ ಸಲ ಮಾತಾಡ್ತಿರ್ತಾರೆ ಮೇಡಂ. ಅದರ ಹಿಂದೆ ಫ್ಯಾನ್ ಕೇಳಿಸ್ಬೇಕಾ? ಒಂದೂವರೆ ಗಂಟೆ ತಾನೇ ಅಂತ ಆರಿಸ್ತಿದ್ದೆ."

ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಜನ ಸೋಮಾರಿತನಕ್ಕೆ, ದುರಾಸೆಗೆ, ಪುಕ್ಕಟೆ ಸಿನಿಮಾಕ್ಕೆ ಬಾಗಿಲು ತೆರೆದಿಟ್ಟದ್ದು ನೋಡಿದ್ದೇನೆ. ಮೌನಕ್ಕಾಗಿ ತೆರೆದಿಟ್ಟವರನ್ನು ಇದೇ ಮೊದಲು ನೋಡಿದ್ದು.

ಆದರೆ ಸಿಟ್ಟು ಪೂರ್ತಿ ಇಳಿಯಲಿಲ್ಲ. ಮಂಗಳವಾರ ನಾನು ಬರುವ ಮೊದಲೇ ಇವರು ಇನ್ನೊಂದು ಘನಂದಾರಿ ಕೆಲಸ ಮಾಡಿ ಕೂತಿದ್ದರು. ಪರದೆಯ ಮೇಲೆ ಬೆದರಿಕೆ ಕಂಡ ಕೂಡಲೇ ಗಾಬರಿಬಿದ್ದು, ವೈರಸ್ ತೆಗೆಯುವ ಪ್ರೋಗ್ರಾಂ ಹಾಕಿ, ಬೆದರಿಕೆ ಪತ್ರದ ಸಮೇತ ಎಲ್ಲವನ್ನೂ ಗುಡಿಸಿ ಹಾಕಿದ್ದರು. ವೈರಸ್ ಹೋಯಿತು, ಬೀಗ ಹೋಗಲಿಲ್ಲ. ಕಳ್ಳನನ್ನು ಮನೆಯಿಂದ ಓಡಿಸಿದ್ದಾಯಿತು, ಅವನು ಜಡಿದ ಬೀಗದ ಕೀಲಿ ಅವನ ಜೇಬಿನಲ್ಲೇ ಹೋಯಿತು.

ಮಾಡಬೇಕಾದ್ದು ಬೇರೆಯೇ ಇತ್ತು. ಇಂಟರ್ನೆಟ್ಟಿನ ತಂತಿ ಕಿತ್ತುಹಾಕಿ, ಕಂಪ್ಯೂಟರನ್ನು ಆರಿಸದೆ ಹಾಗೇ ಬಿಟ್ಟು, ಪತ್ರದ ಫೋಟೋ ತೆಗೆದು, ವೈರಸ್ಸಿನ ಒಂದು ಮಾದರಿಯನ್ನು ಭದ್ರವಾಗಿ ಎತ್ತಿಡಬೇಕಿತ್ತು. ಇಂಥ ಬೀಗಗಳಲ್ಲಿ ಕೆಲವನ್ನು ಪುಣ್ಯಾತ್ಮರು ಆಗಲೇ ಬಿಡಿಸಿ, ಕೀಲಿಯನ್ನು ಪುಕ್ಕಟೆಯಾಗಿ ಹಂಚಿದ್ದಾರೆ. ಆದರೆ ಇದು ಯಾವ ಜಾತಿಯ ಬೀಗ ಎಂದು ತಿಳಿಯದೆ ಕೀಲಿ ಹುಡುಕುವುದು ಹೇಗೆ? ಬ್ಯಾಕಪ್ ಇಟ್ಟಿದ್ದ ಡಿಸ್ಕನ್ನು ಹಗಲೂರಾತ್ರಿ ಕಂಪ್ಯೂಟರಿಗೇ ಸಿಕ್ಕಿಸಿಟ್ಟಿದ್ದರಿಂದ ಅದಕ್ಕೂ ಬೀಗ ಬಿದ್ದಿತ್ತು.

"ಹನ್ನೆರಡನೇ ತಾರೀಖು ಏನಾಯ್ತು?" ಎಂದೆ.

"ಯಾವ ಹನ್ನೆರಡು?"

"ಈ ತಿಂಗಳ ಹನ್ನೆರಡು. ಆವತ್ತು ಆರಿದ ಆಂಟಿವೈರಸ್ಸು ಮತ್ತೆ ಎದ್ದೇ ಇಲ್ಲ. ನಿಮಗೆ ಹಸಿರು ಚುಕ್ಕೆ ಕಾಣ್ತಿತ್ತು, ಒಳಗೆ ಪ್ರಾಣ ಇರಲಿಲ್ಲ. ಬಂದೋನು ಆವತ್ತೇ ಬಂದಿದಾನೆ. ಹನ್ನೆರಡು ದಿನ ಸದ್ದಿಲ್ಲದೆ ಕೂತು, ಬ್ಯಾಕಪ್ ಎಲ್ಲಿದೆ, ಯಾವ ಫೈಲು ಹೋದ್ರೆ ನೀವು ಅಳ್ತೀರಿ, ಎಲ್ಲಾ ನೋಡ್ಕೊಂಡು ಆಮೇಲೆ ಬೀಗ ಹಾಕಿದಾನೆ."

"ನೆನಪಿಲ್ಲ."

ಬಾಯಿ ಹಾಗೆಂದರೂ ಅವರ ಕಣ್ಣು ಒಂದು ಕ್ಷಣ ಗೋಡೆಯ ಕಡೆ ಹೋಗಿಬಂತು. ಅಲ್ಲಿ ಮರದ ಒಂದು ಹಲಗೆಗೆ ಸಾಲಾಗಿ ಪುಟ್ಟ ಕಾಗದದ ಕವರುಗಳು, ಒಂದೊಂದರ ಮೇಲೂ ತಾರೀಖು.

"ಅದೇನು?"

"ಮೌನ," ಎಂದರು ಶ್ ಸಾರ್.

ಭಾವ ಅಗಿಯುವುದನ್ನು ನಿಲ್ಲಿಸಿದರು.

"ದಿನಾ ರೆಕಾರ್ಡಿಂಗಿಗೆ ಮೊದಲು ಖಾಲಿ ಕೋಣೆಯ ಒಂದು ನಿಮಿಷದ ಸದ್ದು ಹಿಡೀಬೇಕು. ಕೋಣೆಗೂ ಅದರದೇ ಒಂದು ಸದ್ದಿರುತ್ತೆ. ಅದು ಗೊತ್ತಿದ್ರೆ ಆಮೇಲೆ ಅವರ ಧ್ವನಿಯಿಂದ ಅದನ್ನ ಕಳೀಬಹುದು. ಪುಟ್ಟ ರೆಕಾರ್ಡರು ಇಟ್ಟು ನಾನು ಆಚೆ ಹೋಗ್ಬಿಡ್ತೀನಿ, ನನ್ನ ಉಸಿರೂ ಬೀಳಬಾರದು. ಕಾಪಿ ಆದ್ಮೇಲೆ ಕಾರ್ಡು ತೆಗೆದು ಕವರಿಗೆ ಹಾಕ್ತೀನಿ. ಎಸೆಯೋಕೆ ಮನಸ್ಸು ಬರಲ್ಲ."

"ಅಂದ್ರೆ ಏನೂ ಇಲ್ಲದ್ದನ್ನ ರೆಕಾರ್ಡ್ ಮಾಡಿ, ತಾರೀಖು ಹಾಕಿ, ಜೋಪಾನವಾಗಿ ಇಟ್ಕೊಂಡಿದೀರಿ," ಎಂದರು ಭಾವ. "ನಮ್ಮ ಸ್ಟೇಷನ್ನಲ್ಲೂ ಅಂಥ ಫೈಲು ಬೇಕಾದಷ್ಟಿವೆ."

ನನಗೆ ನಗು ಬರಲಿಲ್ಲ. ಆ ಕಾರ್ಡುಗಳು ಬೀಗ ಬಿದ್ದ ಹೊತ್ತಿನಲ್ಲಿ ಗೋಡೆಯ ಮೇಲಿದ್ದವು. ಇಡೀ ಕಟ್ಟಡದಲ್ಲಿ ಕಳ್ಳನ ಕೈ ಮುಟ್ಟದೆ ಉಳಿದದ್ದು ಅಷ್ಟೇ.

ಹನ್ನೆರಡನೇ ತಾರೀಖಿನ ಕವರಿಗೆ ಕೈ ಹಾಕಿದೆ. ಶ್ ಸಾರ್ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅದರಲ್ಲಿ ಏನೂ ಇಲ್ಲ ಮೇಡಂ."

"ಏನೂ ಇಲ್ಲದಿದ್ರೆ ಕೇಳೋಕೆ ಏನು ತೊಂದರೆ?" ಭಾವ ಎದ್ದು ನಿಂತರು. ದನಿಯಲ್ಲಿ ಬಿಸ್ಕತ್ತು ಇರಲಿಲ್ಲ. "ಕೈ ಬಿಡಿ ಸಾರ್."

ಕೈ ಬಿಟ್ಟರು. ಕಾರ್ಡನ್ನು ಪುಟ್ಟ ರೆಕಾರ್ಡರಿಗೆ ಹಾಕಿ ದನಿ ಹೆಚ್ಚಿಸಿದೆ.

ಮೊದಲು ಬರೀ ಕೋಣೆ. ಸಣ್ಣಗೆ ಹರಿಯುವ ಗಾಳಿ, ಗೋಡೆಯೊಳಗಿನ ಪೈಪಿನಲ್ಲಿ ಎಲ್ಲೋ ನೀರು. ಇಪ್ಪತ್ತು ಸೆಕೆಂಡಿನ ಹೊತ್ತಿಗೆ ಹೊರಗಿನ ಕೋಣೆಯ ಫೋನು ಬಡಿದುಕೊಂಡಿತು. ಆವತ್ತು ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಕುರ್ಚಿ ಸರಿಯಿತು. ಹೆಡ್‌ಫೋನ್ ತೆಗೆಯುವ ಅಭ್ಯಾಸ ಶ್ ಸಾರ್‌ಗಿಲ್ಲ, ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕುತ್ತಾರೆ.

"ಹಲೋ, ಹೇಳಿ ಸಾರ್," ಎಂದಿತು ಕಾರ್ಡಿನೊಳಗಿನ ಶ್ ಸಾರ್ ದನಿ.

ಆಮೇಲೆ ಇನ್ನೊಂದು ಧ್ವನಿ. ಗಂಭೀರವಾದ, ಎದೆಯೊಳಗಿಂದ ಬರುವ ಧ್ವನಿ. ಅದನ್ನು ಕೇಳಿದ ಕೂಡಲೇ ನನಗೆ ಎದ್ದು ಪ್ಲಾಟ್‌ಫಾರಂ ಕಡೆ ಓಡಬೇಕೆನಿಸಿತು.

"ನಾನೇ ಸಾರ್. ಇನ್ನೊಂದಿಷ್ಟು ವಾಕ್ಯ ಬರೆದಿದೀನಿ, ಆಪರೇಷನ್ನಿಗೆ ಮೊದಲು ಓದ್ಬಿಡ್ತೀನಿ. ಮೇಲ್ ಕಳಿಸಿದೀನಿ, ಈಗಲೇ ತೆಗೆದು ನೋಡಿ. ತೆಗೆದಾಗ 'ಎನೇಬಲ್ ಮಾಡ್ಲಾ' ಅಂತ ಕೇಳುತ್ತೆ. ಹೂಂ ಅಂತ ಒತ್ತಿ."

"ಆಗ್ಲಿ ಸಾರ್, ಒತ್ತಿದೆ," ಎಂದರು ಕಾರ್ಡಿನಲ್ಲಿ ಶ್ ಸಾರ್. ಒಳಗೆ ಬಂದು ಕಂಪ್ಯೂಟರಿನ ಮೌಸು ಒತ್ತಿದ ಸದ್ದು ಅದಕ್ಕೂ ಮೊದಲೇ ಕೇಳಿಸಿತ್ತು.

ಒಂದು ನಿಮಿಷ ಮುಗಿದು ರೆಕಾರ್ಡರು ತಾನಾಗಿ ನಿಂತಿತು.

"ಆಪರೇಷನ್ನು ಹದಿನೈದಕ್ಕೆ ಅಂತ ಹೇಳಿದ್ರು," ಎಂದರು ಶ್ ಸಾರ್, ತಮಗೆ ತಾವೇ ಎಂಬಂತೆ. "ಆ ಧ್ವನೀನ ಮೂರು ವಾರ ದಿನಾ ಕೇಳಿದೀನಿ. ನನ್ನ ಕಿವಿಗೆ ಮೋಸ ಆಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಮೂರನೇ ತಾರೀಖೇ ಆಯ್ತು ಆಪರೇಷನ್ನು," ಎಂದರು ಬಾಗಿಲ ಬಳಿಯಿಂದ ಹೆಂಡತಿ. "ಡಾಕ್ಟರು ಕಾಯೋದು ಬೇಡ ಅಂದ್ಬಿಟ್ರು. ನಿಮಗೆ ತಿಳಿಸೋದು ಆ ಗಡಿಬಿಡೀಲಿ ಮರ್ತೇಹೋಯ್ತು."

ಅವರ ಹಿಂದೆ ಅನೌನ್ಸರು ನಿಂತಿದ್ದರು. ಒಂದು ಕೈ ಕುತ್ತಿಗೆಯ ಬಟ್ಟೆಯ ಮೇಲಿತ್ತು. ಮಾತು ಹೋಗಿ ಒಂಬತ್ತು ದಿನವಾದ ಮೇಲೆ ತಾನು ಫೋನಿನಲ್ಲಿ ಆಡಿದ ಮಾತನ್ನು ಅವರು ಈಗಷ್ಟೇ ಕೇಳಿದ್ದರು.

"ಆ ಮೇಲ್ ಎಲ್ಲಿ?" ಎಂದೆ. ಅದರಲ್ಲಿ ವೈರಸ್ಸಿನ ಮಾದರಿ ಸಿಕ್ಕೀತು ಎಂಬ ಆಸೆ.

ಶ್ ಸಾರ್ ತಲೆ ಎತ್ತಲಿಲ್ಲ. "ಓದ್ತೀನಿ ಅಂದವರು ಆಮೇಲೆ ಬರಲೇ ಇಲ್ಲ, ನಿನ್ನೆ ಬೀಗ ಬಿದ್ದಾಗ ಆ ಮೇಲ್ ಇವರದಲ್ಲ ಅಂತ ಅರ್ಥ ಆಯ್ತು. ಮಾನ ಹೋಗುತ್ತೆ ಅಂತ ಅದನ್ನೂ ಅಳಿಸ್ಬಿಟ್ಟೆ. ಬುಡಸಮೇತ."

ಹೋಯಿತು. ಬೀಗದ ಜಾತಿ ತಿಳಿಯುವ ಕೊನೆಯ ದಾರಿಯೂ ಹೋಯಿತು. ಅವರ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು, ಆದರೆ ತಲೆ ಇನ್ನೊಂದು ಕಡೆ ಓಡುತ್ತಿತ್ತು.

"ಭಾವ, ವೈರಸ್ಸು ಒಳಗೆ ಬಂದದ್ದು ಹನ್ನೆರಡಕ್ಕೆ. ಆದರೆ ಕರೆ ಮಾಡೋಕೆ ಅವನಿಗೆ ಈ ಧ್ವನಿ ಮೊದಲೇ ಸಿಕ್ಕಿರಬೇಕು. ಇಲ್ಲಿಂದಲ್ಲ. ಬೇರೆ ಎಲ್ಲೋ ಒಂದು ಪ್ರತಿ ಇದೆ."

ಅನೌನ್ಸರು ಕುರ್ಚಿಗೆ ಕುಸಿದು ನೋಟ್‌ಬುಕ್ಕು ತೆರೆದರು. ಬರೆದರು. ಹೆಂಡತಿ ಓದಿದರು.

"'ಪೆನ್‌ಡ್ರೈವ್. ಎಲ್ಲಾ ವಾಕ್ಯ ಅದರಲ್ಲಿದೆ. ಕಾಲು ಹಿಡಿದು ಕೇಳಿ ಹಾಕಿಸ್ಕೊಂಡೆ. ಕೊಡೋದು ನಿಯಮಕ್ಕೆ ವಿರುದ್ಧ. ಶ್ ಸಾರ್ ಕೆಲಸ ಹೋಗುತ್ತೆ ಅಂತ ಹೇಳ್ಲಿಲ್ಲ.'" ಆಕೆ ತಲೆ ಎತ್ತಿದರು. "ಬೀರುವಿನಲ್ಲಿ ಇಟ್ಟಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಕಾಣಲಿಲ್ಲ. ಎಲ್ಲೋ ಬಟ್ಟೆ ಸಂದೀಲಿ ಸೇರ್ಕೊಂಡಿರ್ಬೇಕು ಅಂತ ಸುಮ್ಮನಾದೆ."

ಎರಡು ದಿನದಲ್ಲಿ ಮೊದಲ ಸಲ ನನಗೆ ಜೀವ ಬಂದಂತಾಯಿತು. ಬೀಗ ಹಾಳಾಗಿ ಹೋಗಲಿ, ಇನ್ನು ಅದನ್ನು ಒಡೆಯುವ ಗೋಜೇ ಬೇಡ. ಆ ಪೆನ್‌ಡ್ರೈವ್ ಯಾರ ಜೇಬಿನಲ್ಲಿದೆಯೋ ಅವನು ಸಿಕ್ಕರೆ ಧ್ವನಿ ಸಿಕ್ಕಂತೆ.

"ಮನೇಲಿ ಯಾರ್ಯಾರು ಇರ್ತೀರಿ?" ಭಾವ ಮೆತ್ತಗೆ ಕೇಳಿದರು.

"ನಾವಿಬ್ಬರೇ. ಮಕ್ಕಳಿಲ್ಲ. ಹೊರಗಿನೋರು ಅಂತ ಯಾರು ಬರ್ತಾರೆ..."

ಆಕೆಯ ಕೈಚೀಲದೊಳಗೆ ಫೋನು ರಿಂಗಾಯಿತು. ಪರದೆಯ ಮೇಲೆ ನಂಬರಿರಲಿಲ್ಲ. ಸ್ಪೀಕರಿಗೆ ಹಾಕಿ ಎಂದು ಭಾವ ಸನ್ನೆ ಮಾಡಿದರು.

"ಗುಬ್ಬೀ," ಎಂದಿತು ಅನೌನ್ಸರ ಧ್ವನಿ.

ಆಕೆಯ ಬಾಯಿಂದ ತಾನಾಗಿ "ರೀ" ಎಂದು ಬಂತು. ಅಷ್ಟರಲ್ಲೇ ಪಕ್ಕದಲ್ಲಿ ಕೂತ ಗಂಡನ ಮುಖ ನೋಡಿ ಆಕೆ ಫೋನನ್ನು ದೂರಕ್ಕೆ ಹಿಡಿದರು.

"ಪೊಲೀಸಿನವರನ್ನ ಸೇರಿಸ್ಕೊಂಡು ಕೂತಿದೀರಿ. ಗೇಟಿನ ಹತ್ರ ಜೀಪು ನೋಡ್ದೆ. ಹಾಗಿದ್ರೆ ನಾಳೆವರೆಗೆ ಕಾಯಲ್ಲ. ಇವತ್ತು ಸಂಜೆ ಆರು ಗಂಟೆ. ದುಡ್ಡು ಕಟ್ಟೋಕೆ ಶ್ ಸಾರ್‌ಗೆ ನೀನೇ ಹೇಳು. ಇಲ್ಲಾಂದ್ರೆ ಈ ಧ್ವನಿ ಇವತ್ತಿಗೆ ಕೊನೆ."

ಅನೌನ್ಸರ ತುಟಿ ಆ ಮಾತುಗಳ ಜೊತೆ ಅಲುಗುತ್ತಿತ್ತು. ತನ್ನ ಧ್ವನಿ ತನ್ನನ್ನೇ ಕೊಲ್ಲುತ್ತೇನೆ ಎನ್ನುವುದನ್ನು ಅವರು ಕೇಳುತ್ತಿದ್ದರು. ಅಯ್ಯೋ ಎನ್ನುವುದಕ್ಕೂ ಅವರಿಗೆ ದನಿ ಇರಲಿಲ್ಲ.

'ಮಾತಾಡಿಸ್ತಾ ಇರಿ' ಎಂದು ಚೀಟಿ ಬರೆದು ಆಕೆಯ ಮುಂದಿಟ್ಟೆ.

"ಯಾರಪ್ಪಾ ನೀನು?" ಎಂದರು ಆಕೆ.

ಎರಡು ಸೆಕೆಂಡು ತಡ. "ನಿನ್ನ ಗಂಡ ಕಣೇ."

ಆ ತಡ ಏನೆಂದು ನನಗೆ ಗೊತ್ತಿತ್ತು. ಆಡಿದ ಮಾತನ್ನು ನುಂಗಿ, ಬೇರೆಯವರ ಧ್ವನಿಯಲ್ಲಿ ಹೊರಗೆ ಬಿಡುವ ಪ್ರೋಗ್ರಾಮುಗಳಿವೆ. ಎಲ್ಲೋ ಒಬ್ಬ ಮನುಷ್ಯ ತನ್ನ ಬಾಯಿಂದಲೇ ಈ ಮಾತುಗಳನ್ನು ಆಡುತ್ತಿದ್ದ.

ಆಕೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಮಗುವನ್ನು ಕೇಳುವ ಹಾಗೆ ಕೇಳಿದರು.

"ಊಟ ಆಯ್ತೇನೋ?"

ಎರಡು ಸೆಕೆಂಡು.

"ಹೂಂ, ಆಯ್ತಕ್ಕಾ," ಎಂದಿತು ಗಂಡನ ಧ್ವನಿ.

ಆಮೇಲೆ ಫೋನಿನಲ್ಲಿ ಯಾರೋ ಉಸಿರು ಕಟ್ಟಿಕೊಂಡದ್ದು ಕೇಳಿಸಿತು. ಕರೆ ಕಡಿಯಿತು.

ಆಕೆ ಫೋನನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು.

"ಗುಬ್ಬಿ ಅಂತ ಮನೇಲಿ ಮಾತ್ರ ಕರೆಯೋದು," ಎಂದರು. "ಅದು ಗೊತ್ತಿರೋದು ಮೂರೇ ಜನಕ್ಕೆ. ಇವರಿಗೆ, ನನಗೆ, ನನ್ನ ತಮ್ಮನಿಗೆ. ಅಮ್ಮ ಹೋದಾಗ ಅವನಿಗೆ ಎರಡು ವರ್ಷ. ಸೊಂಟದ ಮೇಲಿಂದ ಇಳಿಸದೆ ಸಾಕಿದೀನಿ."

"ಎಲ್ಲಿರ್ತಾನಮ್ಮ ಅವನು?" ಭಾವ ಟೋಪಿ ಕೈಗೆತ್ತಿಕೊಂಡಿದ್ದರು. "ಮನೆ ಬಿಟ್ಟು ಬೇರೆ ಎಲ್ಲಿ ಸಿಗ್ತಾನೆ? ಆರು ಗಂಟೆ ಅಂತ ಅವನೇ ಹೇಳಿದಾನೆ. ಹೊತ್ತಿಲ್ಲ."

ಆಕೆ ಗಂಡನ ಕಡೆ ನೋಡಿದರು. ಅನೌನ್ಸರು ಬರೆಯುತ್ತಿದ್ದರು. ಪೆನ್ನನ್ನು ಒತ್ತಿ ಒತ್ತಿ ಬರೆದು, ನೋಟ್‌ಬುಕ್ಕನ್ನು ಹೆಂಡತಿಯ ಕಡೆ ತಿರುಗಿಸಿದರು. ನಾನು ಅವರ ಕುರ್ಚಿಯ ಹಿಂದೆಯೇ ನಿಂತಿದ್ದೆ.

ಅದರಲ್ಲಿ ಹೀಗಿತ್ತು: 'ಅವನನ್ನು ಹಿಡಿಸಬೇಡ. ನೀನು ಎತ್ತಿ ಆಡಿಸಿದ ಮಗು. ನನಗೆ ಧ್ವನಿ ಬೇಡ. ನೀನು ಓದಿ ಹೇಳಿದರೆ ಸಾಕು.'

ಆಕೆ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಎಂದಿನ ಹಾಗೆ, ಒಂದಿಷ್ಟೂ ತಡವರಿಸದೆ, ಭಾವನ ಕಡೆ ತಿರುಗಿ ಗಟ್ಟಿಯಾಗಿ ಓದಿ ಹೇಳಿದರು.

"'ಗೂಡ್ಸ್ ಯಾರ್ಡಿನ ಹಿಂದೆ ಹಳೇ ಪೇಂಟಿನ ಗೋಡೌನು. ಮಹಡಿ ಮೇಲಿನ ರೂಮು. ಕಂಪ್ಯೂಟರೆಲ್ಲ ಅಲ್ಲೇ ಇಟ್ಕೊಂಡಿದಾನೆ.' ಹಾಗಂತ ಬರೆದಿದಾರೆ."

ಭಾವ ಆಗಲೇ ಮೆಟ್ಟಿಲ ಮೇಲಿದ್ದರು. ಬೂಟಿನ ಸದ್ದು ಕೆಳಗಿಳಿಯಿತು.

ಅನೌನ್ಸರು ಮೇಜನ್ನು ಅಂಗೈಯಿಂದ ಬಡಿದರು. ಇನ್ನೊಮ್ಮೆ ಬಡಿದರು. ತಲೆಯನ್ನು ಅಡ್ಡಡ್ಡ ಆಡಿಸುತ್ತ ನನ್ನ ಕಡೆ ನೋಡಿದರು, ಬಾಯಿ ತೆರೆಯಿತು, ಗಾಳಿ ಮಾತ್ರ ಬಂತು. ಅವನನ್ನು ಹಿಡಿಯಬೇಡಿ ಎನ್ನುತ್ತಿದ್ದರೋ, ಅವನು ಅಲ್ಲಿಲ್ಲ ಎನ್ನುತ್ತಿದ್ದರೋ, ನನಗೆ ತಿಳಿಯಲಿಲ್ಲ. ಗಂಡನ ಧ್ವನಿಗಾಗಿ ಆಕೆ ತಮ್ಮನನ್ನು ಒಪ್ಪಿಸಿದರೇ, ಇಲ್ಲ ಗಂಡನ ಹೆಸರು ಹೇಳಿ ಪೊಲೀಸರನ್ನು ಊರಿನ ಇನ್ನೊಂದು ತುದಿಗೆ ಅಟ್ಟಿದರೇ?

ಕೆಳಗೆ ಜೀಪು ಸ್ಟಾರ್ಟ್ ಆಯಿತು. ಗಡಿಯಾರದಲ್ಲಿ ಎರಡೂ ಐವತ್ತು. ಗೂಡ್ಸ್ ಯಾರ್ಡಿಗೆ ಹೋಗಿಬರಲು ಎರಡು ಗಂಟೆಯಾದರೂ ಬೇಕು. ಕಿಟಕಿಗೆ ಹೋಗಿ ಒಂದು ಕೂಗು ಹಾಕಿದ್ದರೆ ಭಾವ ನಿಲ್ಲುತ್ತಿದ್ದರು. ನನಗೆ ಗಂಟಲು ಚೆನ್ನಾಗಿಯೇ ಇತ್ತು, ಆದರೂ ಕೂಗಲಿಲ್ಲ.

ಜೀಪಿನ ಸದ್ದು ಬೀದಿಯ ಕೊನೆಗೆ ಸವೆಯಿತು. ಆಕೆ ನೋಟ್‌ಬುಕ್ಕಿನಿಂದ ಆ ಹಾಳೆಯನ್ನು ನೀಟಾಗಿ ಹರಿದು, ನಾಲ್ಕಾಗಿ ಮಡಿಸಿ, ಕೈಚೀಲದೊಳಗಿಟ್ಟರು. ಆಮೇಲೆ ತಿರುಗದೆಯೇ ಕೇಳಿದರು.

"ನೀವು ಹಿಂದೆ ನಿಂತಿದ್ರಿ. ಓದಿದ್ರಾ?"